ಮನೆ ಬಿಟ್ಟ ರೆಕಾರ್ಡುಗಳು

ಎಸ್ತೇರಬಾಯಿಯವರ ಮನೆಯಿಂದ ಮೊದಲ ರೆಕಾರ್ಡು ಹೋದ ಸುದ್ದಿ ನನಗೆ ತಿಳಿದದ್ದು ಅವರ ಬಾಯಿಂದಲೇ. ಅಮಾವಾಸ್ಯೆಯ ಮರುದಿನ ಬೆಳಿಗ್ಗೆ ನಾನು ಸೋಡಾ ಅಂಗಡಿಯ ಕದ ತೆಗೆದು ಬಾಟಲಿ ತೊಳೆಯುತ್ತ ಕೂತಿದ್ದೆ. ಹಿಂದೆ ನರ್ಸಾಗಿದ್ದಾಗ ಹೆರಿಗೆಗೆ ಕರೆ ಬಂದರೆ ಹೇಗೆ ನಡೆಯುತ್ತಿದ್ದರೋ ಅದೇ ಬಿರುಸಿನಲ್ಲಿ ಬಂದು, ಸೆರಗನ್ನು ನಡುವಿಗೆ ಸಿಕ್ಕಿಸಿಕೊಂಡು ಎದುರು ನಿಂತರು.

"ಗುರುಪಾದ, ನಿಮ್ಮ ಮನಿಗೆ ಏನಾರ ಬಂದೈತೇನು?"

"ಒಂದು ಹಿತ್ತಾಳಿ ಸೌಟು ಬಂದೈತ್ರಿ ಬಾಯಾರ. ಯಾರದೋ ಏನೋ. ಇವತ್ತ ಸಾರಿಗೆ ಹಾಕ್ತೀವಿ."

"ರೆಕಾರ್ಡು ಬಂದಿಲ್ಲ?"

"ಇಲ್ರಿ. ಯಾರದು ಹೋತು?"

"ನಂದು," ಎಂದರು.

ನಾನು ಬಾಟಲಿ ಕೆಳಗಿಟ್ಟೆ. ನಮ್ಮೂರಲ್ಲಿ ವಸ್ತುಗಳು ಮನೆ ಬಿಡುವುದು ಯಾರಿಗೂ ಸೋಜಿಗವಲ್ಲ. ಒಂದು ಅಮಾವಾಸ್ಯೆಯಿಂದ ಇನ್ನೊಂದು ಅಮಾವಾಸ್ಯೆಯವರೆಗೆ ಬಳಸದೆ ಇಟ್ಟದ್ದು ಬೆಳಗಾಗುವುದರೊಳಗೆ ಊರಿನ ಬೇರೊಂದು ಮನೆ ಸೇರಿರುತ್ತದೆ. ಹೀಗಾಗಿ ನಮ್ಮಲ್ಲಿ ಮದುವೆಯ ಸೀರೆ ಉಟ್ಟು ಅಂಗಳ ಗುಡಿಸುವ ಹೆಂಗಸರಿದ್ದಾರೆ, ಚೈತ್ರದ ಬಿಸಿಲಲ್ಲಿ ಮಳೆಗಾಲದ ಕೊಡೆ ಬಿಚ್ಚಿಕೊಂಡು ಸಂತೆಗೆ ಹೋಗುವ ಗಂಡಸರಿದ್ದಾರೆ. ಅಮಾವಾಸ್ಯೆ ಹತ್ತಿರವಾದಂತೆ ಅಟ್ಟದ ಮೇಲಿನ ಹಂಡೆ ಪರಾತಗಳೆಲ್ಲ ಇಳಿದು ಬಂದು ಒಲೆ ಕಾಣುತ್ತವೆ. ಬೀಗರನ್ನು ಊಟಕ್ಕೆ ಕರೆಯುವುದಿದ್ದರೆ ಆ ದಿನಗಳಲ್ಲೇ ಕರೆಯುತ್ತೇವೆ. ಅಷ್ಟು ಅಡುಗೆಗೆ ಉಣ್ಣುವ ಬಾಯಿ ಬೇಕಲ್ಲ. ಸುಮ್ಮನೆ ಕೈಯಾಡಿಸಿದರೆ, ಧೂಳು ಹೊಡೆದರೆ ನಡೆಯುವುದಿಲ್ಲ. ಕೊಡ ನೀರು ಹೊರಬೇಕು, ಹಾಸಿಗೆಯ ಮೇಲೆ ಯಾರಾದರೂ ಮಲಗಬೇಕು. ಬೇರೆ ಮನೆಯಿಂದ ಬಂದದ್ದನ್ನು ಒಮ್ಮೆ ಬಳಸಿ, ಮನಸ್ಸಿದ್ದರೆ ಹಿಂದಿರುಗಿಸಬಹುದು, ಇಲ್ಲವಾದರೆ ಇಟ್ಟುಕೊಳ್ಳಬಹುದು. ನನ್ನದು ಕೊಡು ಎಂದು ಜಗಳ ತೆಗೆಯುವ ರೂಢಿಯಿಲ್ಲ.

ಆದರೆ ಎಸ್ತೇರಬಾಯಿಯವರ ರೆಕಾರ್ಡು ಮನೆ ಬಿಡುವುದೆಂದರೆ ಬಾವಿ ಜಾಗ ಬಿಟ್ಟು ಹೋದಂತೆ. ಆ ಮನೆಯ ಪಡಸಾಲೆಯ ಒಂದು ಗೋಡೆ ಪೂರ್ತಿ ಜಾಝ್ ರೆಕಾರ್ಡುಗಳಿದ್ದವು. ಅಷ್ಟನ್ನೂ ಒಂದು ತಿಂಗಳೊಳಗೆ ಹಚ್ಚಿ, ಎರಡೂ ಮಗ್ಗುಲು ಕೇಳಿ ಮುಗಿಸುವುದು ಹುಡುಗಾಟವಲ್ಲ. ಸರಕಾರಿ ಆಸ್ಪತ್ರೆಯಲ್ಲಿ ನರ್ಸಾಗಿದ್ದಾಗ ಡ್ಯೂಟಿಗೆ ಹೋಗುವ ಮುಂಚೆ, ಬಂದ ಮೇಲೆ ಕೇಳುತ್ತಿದ್ದರು. ನಿವೃತ್ತಿಯಾದ ಮೇಲೆ ಬೆಳಗಿನ ಚಹಾ ಕುಡಿದು ಬೆತ್ತದ ಖುರ್ಚಿಯಲ್ಲಿ ಕೂತರೆಂದರೆ ಮಧ್ಯಾಹ್ನದ ತನಕ ಏಳುತ್ತಿರಲಿಲ್ಲ. ಮದುವೆಯಾಗಿರಲಿಲ್ಲ. ಊರಿನ ಅರ್ಧ ಜನ ಹುಟ್ಟಿದ್ದು ಅವರ ಕೈಯಲ್ಲಿ; ನನ್ನ ಇಬ್ಬರು ಮಕ್ಕಳೂ ಅದರಲ್ಲಿ ಸೇರಿದ್ದಾರೆ. ಅವರು ಕುಳಿತು ಕೇಳುತ್ತಿದ್ದಾರೆಂದರೆ ಬಾಗಿಲಲ್ಲಿ ಯಾರೂ ಕೂಗುತ್ತಿರಲಿಲ್ಲ.

ಜಾಝ್ ನಮ್ಮೂರಿಗೆ ಬಂದದ್ದೂ ಮನೆ ಬಿಟ್ಟೇ. ಮ್ಯಾಂಗನೀಸ್ ಗಣಿ ಮುಚ್ಚಿ ಸಾಹೇಬರು ಗಂಟುಮೂಟೆ ಕಟ್ಟಿದ ಮೇಲೆ ಅವರ ಕ್ಲಬ್ಬಿಗೆ ಬೀಗ ಬಿತ್ತು. ಮುಂದಿನ ಅಮಾವಾಸ್ಯೆ ಕಳೆದ ಬೆಳಿಗ್ಗೆ ಕ್ಲಬ್ಬಿನ ರೆಕಾರ್ಡುಗಳೆಲ್ಲ ಊರಲ್ಲಿದ್ದವು. ಹಿಟ್ಟಿನ ಡಬ್ಬಿಯಲ್ಲಿ, ತೊಟ್ಟಿಲಲ್ಲಿ, ಎತ್ತಿನ ಗೋದಲಿಯಲ್ಲಿ. ಪ್ಲೇಯರುಗಳೂ ಒಂದೆರಡು ಬಂದಿದ್ದವು. ಜನ ಅವನ್ನು ಗಣಿ ಹಾಡು ಎಂದು ಕರೆದು, ಹಚ್ಚುವ ಸಾಧನವಿದ್ದವರಿಗೆ ಒಯ್ದು ಕೊಟ್ಟರು. ಹಾಗೆ ಕೂಡಿಸಲು ಶುರುಮಾಡಿದವರಲ್ಲಿ ಕೊನೆಗೆ ಉಳಿದದ್ದು ಮೂವರು: ಎಸ್ತೇರಬಾಯಿ, ಮದುವೆಗಳಿಗೆ ಬ್ಯಾಂಡ್ ಬಾರಿಸುವ ದಸ್ತಗೀರ ಮಾಸ್ತರರು, ಮತ್ತೆ ನಾನು. ಭಾನುವಾರ ಮಧ್ಯಾಹ್ನ ಮಾಸ್ತರರ ಬ್ಯಾಂಡಿನ ಶೆಡ್ಡಿನಲ್ಲಿ ಸೇರುತ್ತಿದ್ದೆವು. ಆ ವಾರ ಯಾರಿಗೆ ಯಾವುದು ಹಿಡಿಸಿತ್ತೋ ಅದನ್ನು ತಂದು ಉಳಿದಿಬ್ಬರಿಗೆ ಕೇಳಿಸಬೇಕು. ಅದರ ಮೇಲೆ ಮಾತು, ವಾದ, ನನ್ನ ಕಡೆಯಿಂದ ಸೋಡಾ.

ಹೋದ ರೆಕಾರ್ಡು ಕಂಬಳಿ ನೇಯುವ ಹೊಳಿಬಸಪ್ಪನ ಮನೆಯಲ್ಲಿ, ಉಣ್ಣೆಯ ರಾಶಿಯೊಳಗೆ ಸಿಕ್ಕಿತು.

"ಅಷ್ಟೊಂದರಾಗ ಒಂದು ಹಚ್ಚೂದು ಮರತಿರ್ತೀರಿ, ಬಾಯಾರ," ಎಂದೆ.

"ಮಂಗಳವಾರ ಹಚ್ಚೀನಿ. ಎರಡೂ ಮಗ್ಗಲ. ಖುರ್ಚಿ ಬಿಟ್ಟು ಎದ್ದಿಲ್ಲ," ಎಂದರು. ಅವರ ಮುಖದಲ್ಲಿ ಸಿಟ್ಟಿತ್ತು. ಅದು ಸಿಟ್ಟಲ್ಲ, ಅಂಜಿಕೆ ಎಂದು ನನಗೆ ಆಮೇಲೆ ಹೊಳೆಯಿತು.

ಮುಂದಿನ ಅಮಾವಾಸ್ಯೆಗೆ ಗೋಡೆಯಲ್ಲಿ ಅಲ್ಲಲ್ಲಿ ಸಂದು ಬಿದ್ದವು. ಅದರ ಮುಂದಿನ ತಿಂಗಳು ಒಂದು ಸಾಲು ಪೂರ್ತಿ ಖಾಲಿ. ಅವರು ಕೇಳುತ್ತಿದ್ದುದು ನಿಜ. ದಾರಿಯಲ್ಲಿ ಹೋಗುವಾಗ ಕಿಟಕಿಯಿಂದ ಎಲ್ಲರಿಗೂ ಕೇಳಿಸುತ್ತಿತ್ತು. ಮೊದಲಿಗಿಂತ ಜೋರಾಗಿಯೇ ಕೇಳಿಸುತ್ತಿತ್ತು.

ಒಂದು ಭಾನುವಾರ ಮಾಸ್ತರರು ತಮ್ಮ ರೆಕಾರ್ಡೊಂದನ್ನು ಹಚ್ಚಿದರು. ಅದರಲ್ಲೊಂದು ಗೀರು ಬಿದ್ದಿತ್ತು. ಅರ್ಧಕ್ಕೆ ಬಂದ ಸೂಜಿ ಅಲ್ಲೇ ಸಿಕ್ಕಿಕೊಂಡು ಅದೇ ಅದೇ ಚೂರನ್ನು ಮತ್ತೆ ಮತ್ತೆ ಹೇಳತೊಡಗಿತು. ಮಾಸ್ತರರು ಏಳಲು ಹೋದವರು ನಿಂತರು. ಎಸ್ತೇರಬಾಯಿ ಕಣ್ಣು ಮುಚ್ಚಿ, ಯಾವುದೋ ಬೇರೆ ತಾಳಕ್ಕೆ ತಲೆಯಾಡಿಸುತ್ತಿದ್ದರು. ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಮಾಸ್ತರರು ಮೆಲ್ಲಗೆ ಹೋಗಿ ಸೂಜಿ ಎತ್ತಿದರು. ಶೆಡ್ಡು ನಿಶ್ಶಬ್ದವಾಯಿತು. ಅವರ ತಲೆ ಇನ್ನೂ ಆಡುತ್ತಿತ್ತು.

ಸ್ವಲ್ಪ ಹೊತ್ತಿಗೆ ಕಣ್ಣು ತೆರೆದರು. ಎತ್ತಿದ ಸೂಜಿ ನೋಡಿದರು, ನಮ್ಮನ್ನು ನೋಡಿದರು.

"ಯಾವಾಗ ಎತ್ತಿದ್ರಿ ಮಾಸ್ತರ?"

"ಈಗರೀ. ಈಗಿನ್ನ."

"ನೀವು ಸುಳ್ಳು ಹೇಳಿದ್ರ ಮೀಸಿ ನಡಗತಾವು," ಎಂದರು. ಆಮೇಲೆ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು, ರೋಗಿಯೊಬ್ಬಳ ಸಂಗತಿ ಹೇಳುವಂತೆ ಎಲ್ಲವನ್ನೂ ಹೇಳಿದರು. ಚಳಿಗಾಲದಿಂದ ಹೀಗಾಗಿದೆ. ಮೊದಲು ಮೇಲಿನ ಸ್ವರ ಹೋದವು. ಹಕ್ಕಿ ಕೂಗು, ಕುಕ್ಕರಿನ ಸೀಟಿ. ಮಾತನ್ನು ತುಟಿ ನೋಡಿ ಹಿಡಿಯುತ್ತಾರೆ, ಗಟ್ಟಿಯಾಗಿ ಆಡಿದರೆ ಸ್ವಲ್ಪ ಕೇಳಿಸುತ್ತದೆ. ದೊಡ್ಡ ಊರಿನ ಡಾಕ್ಟರು ಕಿವಿಗೆ ಹಾಕುವ ಮಷೀನು ಕೊಟ್ಟಿದ್ದಾನೆ. ಅದರಲ್ಲಿ ಮಾತು ಬರುತ್ತದೆ, ಹಾಡು ಬರುವುದಿಲ್ಲ. ಹಾಡು ಬಂದರೆ ತಗಡಿನ ಮಾಡಿನ ಮೇಲೆ ಕಾಗೆಗಳ ಸಂತೆ ನೆರೆದಂತೆ.

"ನೆನಪಿನಾಗಿದ್ದದ್ದು ನೆನಪಿಸಿಕೊಂಡು ಕೇಳಿದಂಗ ಮಾಡತಿದ್ದೆ. ನಾ ಕೇಳಾಕತ್ತೀನಿ ಅಂತ ನನಗ ನಾನ ಹೇಳಿಕೊಂಡೆ. ರೆಕಾರ್ಡು ನಂಬಲಿಲ್ಲ," ಎಂದರು.

ಮಾಸ್ತರರು ಮೀಸೆ ತಿರುವಿದರು. "ನಾವು ಬಂದು ಕುಂದರತೇವ್ರಿ. ದಿನಾ. ನಾನೊಂದಿಷ್ಟು, ಗುರುಪಾದ ಒಂದಿಷ್ಟು. ನಿಮ್ಮನ್ಯಾಗ ಕೇಳಿದ್ರ ನಿಮ್ಮನ್ಯಾಗ ಉಳೀತಾವ."

"ಬ್ಯಾಡ," ಎಂದರು. ಮರುದಿನ ತಾವೇ ಬಂದು, "ಆತು, ಬರ್ರಿ. ನೋಡೂಣು," ಎಂದರು.

ನೋಡಿದೆವು. ಅಷ್ಟು ರೆಕಾರ್ಡು ಕೇಳುವುದೆಂದರೆ ಏನೆಂದು ನನಗೆ ಆಗ ಗೊತ್ತಾಯಿತು. ಮೊದಲ ದಿನ ಹಬ್ಬವಾಗಿತ್ತು. ವಾರ ಕಳೆಯುವಷ್ಟರಲ್ಲಿ ಸ್ಯಾಕ್ಸೊಫೋನು ಕೇಳುತ್ತಿದ್ದರೂ ನನ್ನ ಮನಸ್ಸು ಗ್ಯಾಸ್ ಸಿಲಿಂಡರ್ ತರಬೇಕಾದದ್ದರ ಮೇಲಿರುತ್ತಿತ್ತು. ಹಾಗೆ ಕೇಳಿದ ರೆಕಾರ್ಡೊಂದು ಅಮಾವಾಸ್ಯೆ ಕಳೆದದ್ದೇ ಹೊರಟು ನನ್ನ ಅಂಗಡಿಗೇ ಬಂದು ಆ ಸಿಲಿಂಡರಿನ ಮೇಲೆ ಕೂತಿತ್ತು. ಮಾಸ್ತರರಿಗೆ ಮದುವೆಯ ಸುಗ್ಗಿ. ಊರಿಂದ ಊರಿಗೆ ಬ್ಯಾಂಡು ಹೊತ್ತು ತಿರುಗಿ ಬಂದು ಖುರ್ಚಿಯಲ್ಲೇ ಗೊರಕೆ ಹೊಡೆಯುತ್ತಿದ್ದರು. ಎಸ್ತೇರಬಾಯಿ ಬಾಗಿಲಲ್ಲಿ ನಿಂತು ಅದನ್ನು ನೋಡಿ, ಅವರ ಮೇಲೊಂದು ಚಾದರ ಹೊದಿಸಿ, ಪ್ಲೇಯರು ಬಂದ್ ಮಾಡಿದರಂತೆ. ಜ್ಯೇಷ್ಠ ಮುಗಿಯುವಷ್ಟರಲ್ಲಿ ಗೋಡೆ ಅರ್ಧ ಬರಿದಾಗಿತ್ತು.

ಹೋದವು ಹೋದಲ್ಲಿ ನಿಂತಿದ್ದರೂ ಒಂದು ಸಮಾಧಾನವಿರುತ್ತಿತ್ತು. ಆದರೆ ಆ ಮನೆಗಳಲ್ಲಿ ಪ್ಲೇಯರಿಲ್ಲ. ಹಚ್ಚುವವರಿಲ್ಲದೆ ಅವು ಒಂದು ತಿಂಗಳು ಇದ್ದು ಇನ್ನೊಂದು ಮನೆಗೆ, ಅಲ್ಲಿಂದ ಮತ್ತೊಂದಕ್ಕೆ ಅಲೆಯತೊಡಗಿದವು. ಒಂದು ದಿನ ಹಾಲಿನವರ ಕೊಟ್ಟಿಗೆಯಲ್ಲಿ ಎಮ್ಮೆಯ ಕಾಲಡಿ ಒಂದು ರೆಕಾರ್ಡು ಪುಡಿಯಾಗಿ ಸಿಕ್ಕಿತು. ಆ ಮನೆಯಾಕೆ ಚೂರುಗಳನ್ನು ಮೊರದಲ್ಲಿ ಹಾಕಿಕೊಂಡು, ಸೆರಗಿನಿಂದ ಮುಚ್ಚಿ ತಂದು ಎಸ್ತೇರಬಾಯಿಯವರ ಮುಂದಿಟ್ಟು ಅತ್ತಳು.

"ನೀ ಯಾಕ ಅಳತಿ? ಎಮ್ಮಿಗೇನು ಗೊತ್ತು," ಎಂದು ಅವಳನ್ನು ಕಳಿಸಿ, ಎಸ್ತೇರಬಾಯಿ ಆ ಮೊರವನ್ನು ತೊಡೆಯ ಮೇಲಿಟ್ಟುಕೊಂಡು ಕೂತರು. ನಾನು ಅಲ್ಲೇ ಇದ್ದೆ. ಸಮಾಧಾನದ ಮಾತು ಹುಡುಕುತ್ತಿದ್ದೆ. ಅವರಿಗೆ ಅದು ಬೇಕಿರಲಿಲ್ಲ.

"ಗುರುಪಾದ, ನಿನ್ನ ಸೋಡಾ ಗಾಡಿ ಮುಂಜಾನಿ ಹೊತ್ತು ಖಾಲಿ ಇರತೈತಲ್ಲ?"

"ಇರತೈತ್ರಿ. ಬಿಸಿಲು ಏರೂಮಟ ಸೋಡಾ ಯಾರು ಕುಡೀತಾರ."

"ನಾಳಿಂದ ನನಗ ಬೇಕು. ನೀನೂ ಬೇಕು. ಇವನ್ನ ನಾ ಹಿಡಕೊಂಡು ಕುಂದರಾಕ ಆಗೂದಿಲ್ಲ, ಅದು ತಿಳೀತು. ಆದ್ರ ಹೋಗೂವು ಎಲ್ಲರ ಹೋಗಿ ಎಮ್ಮಿ ಕಾಲಾಗ ಬೀಳೂದು ಬ್ಯಾಡ. ಒಂದೊಂದಕ್ಕೂ ಮನಿ ಹುಡುಕಿ ಕೊಡತೀನಿ."

ಮರುದಿನ ಬೆಳಿಗ್ಗೆ ಗಾಡಿಯ ಮೇಲೆ ಬಾಟಲಿಗಳ ಜಾಗದಲ್ಲಿ ಪ್ಲೇಯರು, ಸ್ಪೀಕರು, ಒಂದು ಲಾರಿ ಬ್ಯಾಟರಿ ಇಟ್ಟುಕೊಂಡು ಹೊರಟೆವು. ಮುಂದೆ ಎಸ್ತೇರಬಾಯಿ, ಹಿಂದೆ ದೂಡುತ್ತ ನಾನು. ಲಸಿಕೆ ಹಾಕಲು ಓಣಿ ಓಣಿ ತಿರುಗಿದ ಅಭ್ಯಾಸ ಅವರಿಗಿತ್ತು. ಬಾಗಿಲು ತಟ್ಟಿ, "ಮನ್ಯಾಗ ಯಾರ್ಯಾರು ಇದ್ದೀರಿ ಎಲ್ಲಾರೂ ಹೊರಗ ಬರ್ರಿ, ಕುಂದರ್ರಿ," ಎಂದರೆ ಯಾರಿಗೂ ಇಲ್ಲವೆನ್ನುವ ಧೈರ್ಯವಿರಲಿಲ್ಲ. ಅವರ ಕೈಯಲ್ಲಿ ಹುಟ್ಟಿದವರು ಅವರ ಮಾತು ಮೀರುವುದು ಹೇಗೆ?

ನಾನು ರೆಕಾರ್ಡು ಹಚ್ಚುತ್ತಿದ್ದೆ. ಅವರು ಅದರ ಕಡೆ ಲಕ್ಷ್ಯ ಕೊಡುತ್ತಿರಲಿಲ್ಲ, ಕೇಳುವವರ ಮುಖ ನೋಡುತ್ತಿದ್ದರು. ಯಾರ ಕಣ್ಣು ಹಾಡಿನ ಮೇಲಿದೆ, ಯಾರದು ಒಲೆಯ ಮೇಲಿನ ಹಾಲಿನ ಮೇಲಿದೆ ಎಂದು ಅವರಿಗೆ ಕೂಡಲೇ ಗೊತ್ತಾಗುತ್ತಿತ್ತು. ಅಡತಿ ಅಂಗಡಿಯ ಸಾಹುಕಾರರು ಕೈ ಮುಗಿದು ಕೂತು, ಬಲು ಚೆನ್ನಾಗಿದೆ ಎಂದು ಹೇಳಿದರೂ, "ಎತ್ತು ಗುರುಪಾದ, ಇಲ್ಲಿ ಹತ್ತೂದಿಲ್ಲ," ಎಂದು ಎದ್ದುಬಿಟ್ಟರು. ಅದೇ ರೆಕಾರ್ಡನ್ನು ಹೊಳಿಬಸಪ್ಪನ ಮನೆಗೆ ಒಯ್ದೆವು. ಅವನು ಮಗ್ಗದಿಂದ ಏಳಲಿಲ್ಲ. ಹಬ್ಬ ಹತ್ತಿರ ಬಂದಿದೆ, ಕಂಬಳಿ ಮುಗಿಸಬೇಕು, ನೀವು ಹಚ್ಚಿಕೊಳ್ಳಿ ಎಂದ. ನಾನು ಹಚ್ಚಿದೆ. ಸ್ವಲ್ಪ ಹೊತ್ತಿಗೆ ಅವನ ಲಾಳಿ ತಬ್ಬಿಬ್ಬಾಯಿತು. ಹಾಡಿನ ಪೆಟ್ಟು ಬೀಳಬೇಕಾದ ಕಡೆ ಬೀಳದೆ ಒಂದು ಚೂರು ತಡೆದು ಬೀಳುತ್ತಿತ್ತಲ್ಲ, ಅವನ ಕಾಲು ಅದಕ್ಕಾಗಿ ಕಾಯತೊಡಗಿತು. ಮಗ್ಗುಲು ಮುಗಿದಾಗ ಅವನ ಹೆಂಡತಿ ಶೇಖವ್ವ ಕಂಬಳಿ ನೋಡಿ, "ಏನಿದು, ಅಂಚು ಸೊಟ್ಟ ಆಗೇತಿ," ಎಂದಳು.

"ಆಗಲಿ ತಗೋ," ಎಂದ ಹೊಳಿಬಸಪ್ಪ. "ಬಾಯಾರ, ಇನ್ನೊಂದು ಮಗ್ಗಲ ಐತೇನ್ರಿ?"

ಆ ರೆಕಾರ್ಡು ಅಲ್ಲೇ ನಿಂತಿತು.

ಚುರುಮುರಿ ಭಟ್ಟಿಯ ಫಕೀರವ್ವ ಮಾತ್ರ ಬಾಗಿಲಿಗೆ ಅಡ್ಡ ನಿಂತಳು. "ನನಗ್ಯಾಕ ಬೇಕವ್ವಾ ಸಾಹೇಬರ ಹಾಡು? ದಿನವಿಡೀ ಉಸುಕು ಹುರದು ಕಿವಿ ತುಂಬಿರತಾವು. ನೀ ಅದನ್ನ ಯಾರಿಗರ ತಿಳಿದವರಿಗೆ ಕೊಡು."

"ತಿಳಿದವರು ಮೂರ ಮಂದಿ ಇದ್ವಿ ಫಕೀರವ್ವ. ಒಬ್ಬಾಕಿಗೆ ಕಿವಿ ಹೋದವು. ನೀ ಕುಂದ್ರು."

ಫಕೀರವ್ವ ಕೂತಳು. ಅದು ಬರೀ ಪಿಯಾನೊದ ರೆಕಾರ್ಡು. ಮೊದಲು ಒಂದೊಂದೇ ಬೆರಳು, ಆಮೇಲೆ ತಡೆಯಲಾರದಂತೆ ಎಲ್ಲ ಬೆರಳೂ. ಫಕೀರವ್ವನ ಮುಖ ಸಡಿಲವಾಯಿತು. "ಇದು ಬಾಣಲಿಯೊಳಗ ಚುರುಮುರಿ ಅರಳಿದಂಗ ಐತಲ್ಲ," ಎಂದಳು. ಎಸ್ತೇರಬಾಯಿಗೆ ಅದು ಕೇಳಿಸಲಿಲ್ಲ. ನಾನು ಅವರ ಮುಂದೆ ಹೋಗಿ ತುಟಿಯಾಡಿಸಿ ಹೇಳಿದೆ. ಎಷ್ಟೋ ತಿಂಗಳ ಮೇಲೆ ಅವರು ನಕ್ಕದ್ದನ್ನು ಕಂಡೆ. ಇಷ್ಟು ವರ್ಷ ಕೇಳಿದರೂ ತಮಗೆ ಆ ಹೋಲಿಕೆ ಹೊಳೆದಿರಲಿಲ್ಲ ಎಂದರು.

ಹೀಗೆ ಆಷಾಢ ಪೂರ್ತಿ ತಿರುಗಿದೆವು. ಗಾಡಿಯ ಮೇಲೆ ಪ್ಲೇಯರು ಒಂದೇ ಆದ್ದರಿಂದ ಒಂದೊಂದು ಓಣಿಗೆ ಒಂದೊಂದು ಬೆಳಿಗ್ಗೆ ಎಂದು ಗೊತ್ತುಮಾಡಿದೆವು. ಗಾಡಿಯ ಸದ್ದು ಕೇಳಿದರೆ ಜನ ತಮ್ಮ ತಮ್ಮ ರೆಕಾರ್ಡು ಹಿಡಿದು ಕಟ್ಟೆಗೆ ಬಂದು ಕೂರುವುದು ರೂಢಿಯಾಯಿತು. ಶೇಖವ್ವ ಫಕೀರವ್ವನನ್ನು ಕೇಳುವುದು, ನಿನ್ನದು ಯಾವುದು, ನನ್ನದನ್ನೂ ಒಂದು ಸಲ ಕೇಳು ಎಂದು. ನಾವು ಮೂವರು ಶೆಡ್ಡಿನಲ್ಲಿ ಆಡುತ್ತಿದ್ದ ಮಾತು ಈಗ ಕಟ್ಟೆಗಳ ಮೇಲೆ ನಡೆಯುತ್ತಿತ್ತು. ಕೆಲವು ರೆಕಾರ್ಡು ಎಲ್ಲೂ ಹತ್ತಲಿಲ್ಲ, ಇನ್ನೂ ಅಲೆಯುತ್ತಿವೆ. ಎರಡು ಒಡೆದವು. ಆದರೆ ಬಹಳಷ್ಟು ನಿಂತವು.

ಎಸ್ತೇರಬಾಯಿಯವರ ಮನೆಯಲ್ಲಿ ಕೊನೆಗೆ ಕೆಲವೇ ಉಳಿದವು. ಅವುಗಳಲ್ಲಿ ಒಂದು ಕಹಳೆಯ ರೆಕಾರ್ಡು. ಅವರು ಹೊಸ ನರ್ಸಾಗಿ ಈ ಊರಿಗೆ ಬಂದಾಗ, ಯಾರ ಪರಿಚಯವೂ ಇಲ್ಲದ ಹೊತ್ತಿನಲ್ಲಿ, ಒಂದು ಬೆಳಿಗ್ಗೆ ಅವರ ಔಷಧದ ಚೀಲದಲ್ಲಿ ಸಿಕ್ಕದ್ದು. ಮೊದಲು ಬಂದದ್ದು ಅದೇ. ದಸ್ತಗೀರ ಮಾಸ್ತರರಿಗೆ ಅದರ ಮೇಲೆ ಪ್ರಾಣ. ಅವರು ಸ್ವತಃ ಕಹಳೆ ಊದುವವರು. ಮದುವೆಯ ಮೆರವಣಿಗೆಯಲ್ಲಿ ಸಿನಿಮಾ ಹಾಡಿನ ನಡುವೆ ಯಾರಿಗೂ ತಿಳಿಯದಂತೆ ಆ ರೆಕಾರ್ಡಿನ ಒಂದು ತುಣುಕನ್ನು ಸೇರಿಸಿ ಊದುತ್ತಿದ್ದರು. ಒಂದು ವಾರದ ಮಟ್ಟಿಗೆ ಕೊಡಿ ಎಂದು ಎಷ್ಟು ಸಲ ಕೇಳಿದರೂ ಎಸ್ತೇರಬಾಯಿ ಅದನ್ನು ಮನೆಯಿಂದ ಹೊರಗೆ ಬಿಟ್ಟವರಲ್ಲ.

ಅಮಾವಾಸ್ಯೆಗೆ ಇನ್ನೇನು ಕೆಲವು ದಿನವಿದ್ದಾಗ ಮಾಸ್ತರರು ನನ್ನನ್ನೂ ಕರೆದುಕೊಂಡು ಅವರ ಮನೆಗೆ ಹೋದರು.

"ಬಾಯಾರ, ಕಹಳಿದು ನನಗ ಕೊಡ್ರಿ. ಎಲ್ಲಾದಕ್ಕೂ ಮನಿ ನೋಡಿದ್ರಿ, ಅದಕ್ಕೂ ನೋಡ್ರಿ. ನನಗಿಂತ ಛಲೋ ಮನಿ ಸಿಗತೈತೇನು?"

"ಅದನ್ನ ನಾ ಕೊಡೂದಿಲ್ಲ."

"ನಿಮಗ ಕೇಳಸೂದಿಲ್ಲಲ್ರಿ."

ಮಾತು ಬಾಯಿಂದ ಜಾರಿದ ಮೇಲೆ ಮಾಸ್ತರರು ತಲೆ ತಗ್ಗಿಸಿದರು. ಎಸ್ತೇರಬಾಯಿ ಸಿಟ್ಟಾಗಲಿಲ್ಲ. "ಪ್ಲೇಯರಿನ ಕಟ್ಟಿಗಿ ಮ್ಯಾಲೆ ಅಂಗೈ ಇಡತೀನಿ. ಏನೋ ಒಂದು ಬರತೈತಿ. ಹೊಟ್ಟಿ ಮ್ಯಾಲೆ ಕೈ ಇಟ್ಟು ಕೂಸು ಯಾವ ಕಡೆ ತಿರಗೇತಿ ಅಂತ ಹೇಳಿದ ಕೈ ಇವು, ಮಾಸ್ತರ. ಕಲೀತಾವ," ಎಂದರು.

"ಕಲಿಯೂದರಾಗ ಅದು ಹೋದ್ರ? ಎಲ್ಲೆರ ಬಿದ್ದು ಒಡದ್ರ?"

"ಹೋದ್ರ ಹೋಗಲಿ."

ಮಾಸ್ತರರು ಚಪ್ಪಲಿ ಮೆಟ್ಟಿ ಹೊರಟೇಹೋದರು. ಆ ಭಾನುವಾರ ಶೆಡ್ಡಿನ ಬಾಗಿಲು ತೆಗೆಯಲಿಲ್ಲ. ನನ್ನ ಅಂಗಡಿಯ ಮುಂದೆ ಹಾದುಹೋದರೂ ಮಾತಾಡಲಿಲ್ಲ. ಅತ್ತ ಎಸ್ತೇರಬಾಯಿ ಕಿವಿಯ ಮಷೀನು ತೆಗೆದಿಟ್ಟು, ಕದ ಮುಂದೆ ಮಾಡಿ, ಪ್ಲೇಯರಿನ ಪೆಟ್ಟಿಗೆಯನ್ನು ಎರಡೂ ಕೈಯಿಂದ ಹಿಡಿದು ಕೂತರು. ಗಾಡಿಯ ಕೆಲಸ ಮುಗಿಸಿ ಪ್ಲೇಯರು ತಂದಿಡುವುದೇ ತಡ, ಅದನ್ನೇ ಹಚ್ಚು ಎನ್ನುತ್ತಿದ್ದರು. ಊಟ ಆರುತ್ತಿತ್ತು.

ಅಮಾವಾಸ್ಯೆ ಕಳೆದ ಬೆಳಿಗ್ಗೆ ಕಹಳೆಯ ರೆಕಾರ್ಡು ಇರಲಿಲ್ಲ.

ನಾನು ಹೋದಾಗ ಅವರು ಖಾಲಿ ಜಾಗದ ಮುಂದೆ ನಿಂತಿದ್ದರು. ಅಳುತ್ತಿರಲಿಲ್ಲ. ಹುಟ್ಟುವಾಗಲೇ ಉಸಿರಿಲ್ಲದ ಕೂಸನ್ನು ಎತ್ತಿಕೊಂಡವರ ಹಾಗಿದ್ದರು. "ಗಾಡಿ ತಾ. ಹುಡುಕೂಣು," ಎಂದಷ್ಟೇ ಹೇಳಿದರು.

ಹುಡುಕಬೇಕಾಗಿ ಬರಲಿಲ್ಲ. ನಾವು ಓಣಿ ದಾಟುವ ಮೊದಲೇ ಮಾಸ್ತರರು ಎದುರಾದರು. ಎದೆಗೆ ಅವುಚಿ ಹಿಡಿದದ್ದು ಅದೇ ರೆಕಾರ್ಡು. ಅದು ಅವರ ಶೆಡ್ಡಿನಲ್ಲಿ, ಅವರ ಕಹಳೆಯ ಪೆಟ್ಟಿಗೆಯೊಳಗೇ ಇತ್ತಂತೆ. ಕಣ್ಣು ಕೆಂಪಗಾಗಿದ್ದವು.

"ಒಂದ ಸಲ ಹಚ್ಚಿದೆ. ಪದ್ಧತಿ ಐತಲ್ಲ," ಎಂದರು. "ತಗೋರಿ."

ಎಸ್ತೇರಬಾಯಿ ಕೈ ಚಾಚಲಿಲ್ಲ. "ಅದು ತಾನಾಗಿ ನಿಮ್ಮ ಮನಿಗೆ ಬಂದೈತಿ. ಇಟ್ಕೋರಿ."

"ಬಂದೈತಿ ಖರೆ. ನಾ ಅದನ್ನ ಹಚ್ಚಿಕೊಂಡು ಕುಂತೆ ಬಾಯಾರ. ಎಷ್ಟು ವರ್ಷದಿಂದ ಬೇಕಂತ ಬಡಕೊಂಡಾಂವ. ನೀವು ಕಟ್ಟಿಗಿ ಹಿಡಕೊಂಡು ಕುಂತಿದ್ದು ಕಣ್ಣ ಮುಂದ ಬರತಿತ್ತು. ಕಟ್ಟಿಗಿಯೊಳಗೇನು ಬರತೈತ್ರಿ? ಶೆಡ್ಡಿಗೆ ಬರ್ರಿ. ನನ್ನ ಕಡೆ ಢೋಲು ಐತಿ."

ಅಂದಿನಿಂದ ಶೆಡ್ಡಿನಲ್ಲಿ ಪಾಠ ಶುರುವಾಯಿತು. ಬ್ಯಾಂಡಿನ ದೊಡ್ಡ ಢೋಲನ್ನು ಎರಡು ಸ್ಟೂಲಿನ ನಡುವೆ ನಿಲ್ಲಿಸಿ, ಒಂದು ಕಡೆಯ ಚರ್ಮಕ್ಕೆ ಸ್ಪೀಕರಿನ ಬಾಯಿ ಹಚ್ಚಿ, ಇನ್ನೊಂದು ಕಡೆ ಎಸ್ತೇರಬಾಯಿಯವರನ್ನು ಕೂರಿಸಿದರು ಮಾಸ್ತರರು. ಚರ್ಮದ ಮೇಲೆ ಹತ್ತೂ ಬೆರಳು. ಮೊದಲು ಕಹಳೆಯ ಒಂದೇ ಸ್ವರವನ್ನು ತಾವು ಊದುವರು, ಅವರ ಕೈಯನ್ನು ಕಹಳೆಯ ಬಾಯಿಗೆ ಹಿಡಿಯುವರು, ಆಮೇಲೆ ತಮ್ಮ ಗಂಟಲಿಗೆ, ಆಮೇಲೆ ಢೋಲಿಗೆ. ಇದು ಸಾ, ಇದು ಮಾ. ಎಸ್ತೇರಬಾಯಿ ತಪ್ಪು ಹೇಳುವರು. ಮಾಸ್ತರರು ಮತ್ತೆ ಊದುವರು. ಊದಿ ಊದಿ ಅವರ ತುಟಿ ಬಾತುಕೊಂಡಿತು. ಮದುವೆಯ ಕರೆಯೊಂದನ್ನು ತಮ್ಮನಿಗೆ ಬಿಟ್ಟುಕೊಟ್ಟರು. "ಸಾಕು ಮಾಡ್ರಿ, ಇವತ್ತಿಗೆ," ಎಂದು ನಾನು ಹೇಳಿದರೆ ಇಬ್ಬರೂ ನನ್ನನ್ನು ಶತ್ರುವಿನಂತೆ ನೋಡುತ್ತಿದ್ದರು.

ಒಂದು ಮಧ್ಯಾಹ್ನ ರೆಕಾರ್ಡು ಓಡುತ್ತಿದ್ದಾಗ ಎಸ್ತೇರಬಾಯಿ ಥಟ್ಟನೆ ಕೈ ಎತ್ತಿದರು. "ಇಲ್ಲಿ ಅಂವ ಉಸಿರು ತಗೊಂಡ," ಎಂದರು. ನಿಜ, ಅಲ್ಲಿ ಕಹಳೆಗಾರ ಸ್ವರ ಮುರಿದು ಉಸಿರೆಳೆದುಕೊಳ್ಳುತ್ತಾನೆ. ಅಷ್ಟು ವರ್ಷ ಕೇಳಿದ ನಾವಿಬ್ಬರೂ ಅದನ್ನು ಲಕ್ಷಿಸಿರಲಿಲ್ಲ. ಮಾಸ್ತರರು ಬಾಗಿಲ ಕಡೆ ಮುಖ ಮಾಡಿ ಪಂಚೆಯ ತುದಿಯಿಂದ ಮೂಗು ಒರೆಸಿಕೊಂಡರು.

ಮುಂದಿನ ಅಮಾವಾಸ್ಯೆಯ ಮರುದಿನ ನಾವಿಬ್ಬರೂ ಒಟ್ಟಿಗೇ ಅವರ ಮನೆಗೆ ಹೋದೆವು. ಢೋಲು ಈಗ ಅವರ ಪಡಸಾಲೆಯಲ್ಲೇ ಇತ್ತು; ಅಮಾವಾಸ್ಯೆಗೆ ಮುಂಚೆ ಮಾಸ್ತರರು ಹಠ ಮಾಡಿ ಕಹಳೆಯ ರೆಕಾರ್ಡನ್ನೂ ಅಲ್ಲೇ ಇಟ್ಟು ಬಂದಿದ್ದರು. ಅವರು ಅದರ ಮುಂದೆ ಕೂತಿದ್ದರು, ಏನೋ ಓಡುತ್ತಿತ್ತು. ನಮ್ಮನ್ನು ಕಂಡು ಗೋಡೆಯ ಕಡೆ ಗದ್ದ ತೋರಿದರು. ಕಹಳೆಯ ರೆಕಾರ್ಡು ತನ್ನ ಜಾಗದಲ್ಲೇ ಇತ್ತು. ಮಾಸ್ತರರು ಹತ್ತಿರ ಹೋಗಿ, ಮುಟ್ಟಿ ನೋಡಿ, ಹಲ್ಲು ಕಿರಿದು ನಿಂತರು. ಎಸ್ತೇರಬಾಯಿ ಎದ್ದು ಬಂದು ಅದನ್ನು ತೆಗೆದು, ಸೆರಗಿನಿಂದ ಕವರು ಒರೆಸಿ ಅವರ ಕೈಗಿತ್ತರು.

"ಇದೇನ್ರಿ? ಉಳದೈತಲ್ಲ," ಎಂದರು ಮಾಸ್ತರರು.

"ಉಳದೈತಿ. ಅದಕ್ಕ ಕೊಡಾಕತ್ತೀನಿ. ಹ್ವಾದ ತಿಂಗಳ ಅದು ನನ್ನ ಬಿಟ್ಟು ಹೋಗಿತ್ತು. ಈಗ ನನ್ನ ಕೈಯಿಂದ ಹೋಗತೈತಿ. ಎರಡಕ್ಕೂ ಫರಕ ಐತಿ."

"ಇಷ್ಟು ಕಷ್ಟಪಟ್ಟು ಕಲತು..."

"ಕಲತದ್ದು ಎಲ್ಲೂ ಹೋಗೂದಿಲ್ಲ. ಆದ್ರ ಕಹಳಿ ನನ್ನ ಬೆರಳಿಗೆ ನೊಣ ಕುಂತಂಗ ಆಗತೈತಿ ಮಾಸ್ತರ. ತಿಂಗಳೆಲ್ಲಾ ಅದೊಂದಕ್ಕ ಹೋತು. ಅಷ್ಟರಾಗ ಅದರ ಕೆಳಗ ಇನ್ನೊಬ್ಬಾಂವ ಸಿಕ್ಕಾನ." ಮತ್ತೆ ಢೋಲಿನ ಮುಂದೆ ಕೂತರು. "ಆ ಆಳೆತ್ತರದ ಪಿಟೀಲು ಇರತೈತಲ್ಲ, ನಿಲ್ಲಿಸಿಕೊಂಡು ಬೆರಳಿನಿಂದ ಮೀಟತಾರ, ದಪ್ಪ ತಂತಿದು. ಎಲ್ಲಾ ರೆಕಾರ್ಡಿನ್ಯಾಗೂ ಅಂವ ಅದಾನ. ಮಂದಿ ಕಹಳಿ ಕೇಳತಾರ, ಅಂವ ತಳದಾಗ ದುಡಕೋತ ಇರತಾನ. ನಾನೂ ಇಷ್ಟು ವರ್ಷ ಲಕ್ಷ್ಯ ಕೊಡಲಿಲ್ಲ. ಈಗ ನನಗ ನಿಚ್ಚಳ ಕೇಳಸಾಂವ ಅಂವ ಒಬ್ಬನ."

ಓಡುತ್ತಿದ್ದ ರೆಕಾರ್ಡು ಯಾವುದೆಂದು ನೋಡಿದೆ. ಹಿಂದೆ ನಾವು ಮೂವರೂ ನಿದ್ದೆ ತರಿಸುತ್ತದೆ ಎಂದು ಬದಿಗಿಟ್ಟದ್ದು, ಯಾವ ಓಣಿಯಲ್ಲೂ ಯಾರಿಗೂ ಹತ್ತದೆ ಗಾಡಿಯಲ್ಲೇ ಮರಳಿ ಬಂದದ್ದು. ಮಾಸ್ತರರು ಕಹಳೆಯ ರೆಕಾರ್ಡನ್ನು ಎದೆಗೆ ಹಿಡಿದೇ ನೆಲದ ಮೇಲೆ ಕೂತರು. ನಾನು ಅಂಗಡಿ ತೆರೆಯಬೇಕು ಎಂದು ಹೊರಟೆ.

"ಎಲ್ಲಿಗೆ? ಬಾ ಇಲ್ಲೆ," ಎಂದು ಎಸ್ತೇರಬಾಯಿ ನನ್ನ ಮಣಿಕಟ್ಟು ಹಿಡಿದು ಅಂಗೈಯನ್ನು ಢೋಲಿನ ಚರ್ಮದ ಮೇಲೆ ಒತ್ತಿದರು. ಕೈಯಡಿ ಏನೋ ಗುಮುಗುಡುತ್ತಿತ್ತು. ದೂರದಲ್ಲಿ ಲಾರಿ ಹೋದರೆ ಕಿಟಕಿ ನಡುಗುತ್ತದಲ್ಲ, ಹಾಗೆ. ಅದರಲ್ಲಿ ಹಾಡು ಎಲ್ಲಿದೆಯೋ ನನಗೆ ತಿಳಿಯಲಿಲ್ಲ.

"ಬರೇ ನಡುಗತೈತ್ರಿ ಬಾಯಾರ," ಎಂದೆ, ಅವರ ಮುಖ ನೋಡಿ, ತುಟಿಯಾಡಿಸಿ.

"ಮೊದಲಿಗೆ ಎಲ್ಲಾರಿಗೂ ನಡುಗತೈತಿ. ಕೈ ತೆಗೀಬ್ಯಾಡ," ಎಂದು ಅವರು ಕಣ್ಣು ಮುಚ್ಚಿದರು.